ಗಡಿಯಾರ ಯಾವತ್ತು ಶುರುವಾಯಿತು? ದುಡಿಮೆಯ ಗಾಯ, ಕೋರ್ಟಿನ ಕಾಲಮಿತಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಸಂಚಿಕೆಯನ್ನು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ಒಬ್ಬ ಕಾರ್ಮಿಕನ ಕೈ ಮಿಷನ್ನಿಗೆ ಸಿಕ್ಕಿತು ಅಂದ್ಕೊಳ್ಳಿ. ಗಾಯ ಯಾವಾಗ ಆಯ್ತು ಅಂತ ಕೇಳಿದರೆ ಅವನು ತಾರೀಖು ಹೇಳ್ತಾನೆ, ಶಿಫ್ಟು ಹೇಳ್ತಾನೆ, ಪಕ್ಕದಲ್ಲಿ ಯಾರಿದ್ದರು ಅಂತಲೂ ಹೇಳ್ತಾನೆ. ಈಗ ಇದೇ ಪ್ರಶ್ನೆಯನ್ನು ಇಪ್ಪತ್ತು ವರ್ಷ ಕಲ್ಲಿನ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾದ ಮನುಷ್ಯನಿಗೆ ಕೇಳಿ. ಗಾಯ ಯಾವಾಗ ಆಯ್ತು? ಮೊದಲನೇ ದಿನವಾ? ಹತ್ತನೇ ವರ್ಷವಾ? ಮೆಟ್ಟಿಲು ಹತ್ತುವಾಗ ಮೊದಲ ಸಲ ಏದುಸಿರು ಬಂದ ದಿನವಾ? ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ತಲೆ ಅಲ್ಲಾಡಿಸಿದ ದಿನವಾ?

ಇದು ತತ್ವಶಾಸ್ತ್ರದ ಪ್ರಶ್ನೆ ಅಲ್ಲ. ಉತ್ತರ ಏನು ಅನ್ನೋದರ ಮೇಲೆ ಒಂದು ಮನೆಗೆ ಪರಿಹಾರ ಸಿಗುತ್ತೋ ಇಲ್ಲವೋ ಅನ್ನೋದು ತೀರ್ಮಾನ ಆಗುತ್ತೆ. ಯಾಕಂದ್ರೆ ಕೋರ್ಟಿಗೆ ಒಂದು ಗಡಿಯಾರ ಇದೆ. ಇಂತಿಷ್ಟು ವರ್ಷದೊಳಗೆ ಬಾ, ಆಮೇಲೆ ಬಂದರೆ ಬಾಗಿಲು ಹಾಕಿರುತ್ತೆ ಅಂತ ಕಾನೂನು ಹೇಳುತ್ತೆ. ಇವತ್ತು ಆ ಗಡಿಯಾರದ ಕಥೆ. ಹೆಚ್ಚಿನ ಪಾಲು ನಡೆಯೋದು ಇಂಗ್ಲೆಂಡಿನಲ್ಲಿ. ನಡುವೆ ಅಮೆರಿಕ, ಸ್ವಿಟ್ಜರ್ಲೆಂಡ್ ಬರುತ್ತವೆ. ಕೊನೆಗೆ ನಮ್ಮಲ್ಲಿಗೆ, ಕೋಲಾರಕ್ಕೆ ಬರೋಣ.

ಮೊದಲು ಕಾಲಮಿತಿ ಅಂದ್ರೆ ಏನು ಅಂತ ನೋಡಿಬಿಡೋಣ. ನಾನು ಓದಿದ್ದು ಕಾಮರ್ಸ್. ಅಲ್ಲಿ ಈ ವಿಷಯ ಬರೋದು 'ಟೈಮ್ ಬಾರ್ಡ್ ಸಾಲ' ಅನ್ನೋ ಹೆಸರಲ್ಲಿ. ಸಾಲ ಕೊಟ್ಟವನು ಮೂರು ವರ್ಷ ಸುಮ್ಮನೆ ಕೂತರೆ, ಆಮೇಲೆ ಕೋರ್ಟಿನ ಮೂಲಕ ವಸೂಲಿ ಮಾಡೋಕಾಗಲ್ಲ. ಸಾಲ ಸುಳ್ಳಾಗಲ್ಲ, ಆದರೆ ಕೇಳುವ ದಾರಿ ಮುಚ್ಚುತ್ತೆ. ಆಗ ನನಗೆ ಇದು ಸರಿ ಅನ್ನಿಸಿತ್ತು. ಲೆಕ್ಕದ ಪುಸ್ತಕ ಯಾವತ್ತಾದರೂ ಮುಚ್ಚಲೇಬೇಕಲ್ವಾ? ಮೂವತ್ತು ವರ್ಷದ ಹಿಂದಿನ ಚೀಟಿ ಹಿಡಿದುಕೊಂಡು ಯಾರೋ ಬಂದರೆ ವ್ಯಾಪಾರಿ ಏನು ಮಾಡಬೇಕು? ರಸೀದಿ ಇರಲ್ಲ, ಗುಮಾಸ್ತ ತೀರಿಕೊಂಡಿರ್ತಾನೆ, ಸಾಕ್ಷಿಗೆ ನೆನಪಿರಲ್ಲ. ಹಾಗಾಗಿ ಕಾಲಮಿತಿ ಅನ್ನೋದು ಕೆಟ್ಟ ಉದ್ದೇಶದಿಂದ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ 1623ರಷ್ಟು ಹಿಂದೆಯೇ ಇದಕ್ಕೊಂದು ಕಾಯ್ದೆ ಬಂದಿತ್ತು.

ತೊಂದರೆ ಎಲ್ಲಿದೆ ಅಂದ್ರೆ, ಸಾಲ ಕೊಟ್ಟವನಿಗೆ ತಾನು ಸಾಲ ಕೊಟ್ಟಿದ್ದೀನಿ ಅಂತ ಗೊತ್ತಿರುತ್ತೆ. ದೂಳು ಕುಡಿದವನಿಗೆ ತನಗೆ ಗಾಯ ಆಗಿದೆ ಅಂತಲೇ ಗೊತ್ತಿರಲ್ಲ. ಈ ಒಂದು ವ್ಯತ್ಯಾಸ ಕಾನೂನಿಗೆ ಅರ್ಥ ಆಗೋಕೆ ಬಹಳ ಕಾಲ ಹಿಡೀತು.

ಕಾರ್ಮಿಕರ ಗಾಯದ ಕಾನೂನುಗಳು ಹುಟ್ಟಿದ್ದು ಅಪಘಾತದ ಕಾಲದಲ್ಲಿ. ಬಾಯ್ಲರ್ ಸಿಡಿಯೋದು, ರೈಲಿನ ಕೆಳಗೆ ಸಿಕ್ಕೋದು, ಗಣಿ ಕುಸಿಯೋದು, ಇವು ಕಣ್ಣಿಗೆ ಕಾಣುವ ಘಟನೆಗಳು. ಬ್ರಿಟನ್ನಿನ 1880ರ ಮಾಲೀಕರ ಹೊಣೆಗಾರಿಕೆ ಕಾಯ್ದೆ ನೋಡಿ. ಅಪಘಾತವಾದ ಆರು ವಾರದೊಳಗೆ ಮಾಲೀಕನಿಗೆ ನೋಟಿಸು ಕೊಡಬೇಕು, ಆರು ತಿಂಗಳೊಳಗೆ ದಾವೆ ಹಾಕಬೇಕು. 1897ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಮಾಲೀಕನ ತಪ್ಪು ಸಾಬೀತು ಮಾಡದೆಯೂ ಪರಿಹಾರ ಸಿಗುವ ದೊಡ್ಡ ಬದಲಾವಣೆ ಅದು. ಆದರೆ ಅಲ್ಲೂ ಗಡುವು ಆರೇ ತಿಂಗಳು. 1906ರಲ್ಲಿ ಸೀಸದ ವಿಷ, ಪಾದರಸದ ವಿಷ, ಆಂಥ್ರಾಕ್ಸ್ ತರಹದ ಕೆಲವು ಕಸುಬಿನ ರೋಗಗಳನ್ನು ಪಟ್ಟಿಗೆ ಸೇರಿಸಿದರು. ಅಂದ್ರೆ ಕೆಲಸದಿಂದ ರೋಗವೂ ಬರುತ್ತೆ ಅಂತ ಕಾನೂನು ಒಪ್ಪಿಕೊಳ್ತು. ಆದರೆ ಅದರ ಯೋಚನೆಯೆಲ್ಲ ಇನ್ನೂ ಅಪಘಾತದ ಅಚ್ಚಿನಲ್ಲೇ ಇತ್ತು. ನಮ್ಮ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಹುಟ್ಟಿದ್ದೂ ಇದೇ ಅಚ್ಚಿನಿಂದ.

ಈಗ ದೂಳಿನ ವಿಷಯ. ಮರಳಿನಲ್ಲಿ, ಕಲ್ಲಿನಲ್ಲಿ ಸಿಲಿಕಾ ಇರುತ್ತೆ. ಅದರ ಅತಿ ಸಣ್ಣ ಕಣಗಳು ಕಣ್ಣಿಗೂ ಕಾಣಲ್ಲ, ಮೂಗಿನಲ್ಲೂ ತಡೆಯಲ್ಲ. ನೇರ ಶ್ವಾಸಕೋಶದ ಒಳಗೆ ಹೋಗಿ ಕೂರುತ್ತವೆ. ಅಲ್ಲಿನ ಮೃದು ಅಂಗಾಂಶ ನಿಧಾನವಾಗಿ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತೆ. ಇದೇ ಸಿಲಿಕೋಸಿಸ್. ವರ್ಷಗಟ್ಟಲೆ ಮನುಷ್ಯನಿಗೆ ಏನೂ ಅನ್ನಿಸಲ್ಲ. ಗೊತ್ತಾಗುವ ಹೊತ್ತಿಗೆ ವಾಪಸ್ ಹೋಗುವ ದಾರಿ ಇರಲ್ಲ. ದೂಳಿನ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು.

ಕೋರ್ಟಿನ ಗಡಿಯಾರಕ್ಕೂ ಈ ದೂಳಿಗೂ ಮೊದಲ ದೊಡ್ಡ ಮುಖಾಮುಖಿಗಳಲ್ಲಿ ಒಂದು ನಡೆದಿದ್ದು ಅಮೆರಿಕದಲ್ಲಿ. ಯೂರಿ ಅನ್ನೋ ಒಬ್ಬ ರೈಲ್ವೆ ಫೈರ್‌ಮನ್. ಉಗಿ ಇಂಜಿನ್ನಿನಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸ, ಸುಮಾರು ಮೂವತ್ತು ವರ್ಷ ಮಾಡಿದ್ದ. ಆ ಇಂಜಿನ್ನುಗಳಲ್ಲಿ ಚಕ್ರ ಜಾರದಿರಲಿ ಅಂತ ಹಳಿಯ ಮೇಲೆ ಮರಳು ಸುರಿಯುವ ಏರ್ಪಾಡು ಇರುತ್ತಿತ್ತು. ಆ ಮರಳಿನ ದೂಳು ಕ್ಯಾಬಿನ್ನಿನೊಳಗೆ ನುಗ್ಗುತ್ತಿತ್ತು. 1940ರ ಮೇ ತಿಂಗಳಲ್ಲಿ ಅವನಿಗೆ ಕೆಲಸ ಮಾಡೋಕೆ ಆಗದ ಹಾಗಾಯ್ತು. ಸಿಲಿಕೋಸಿಸ್ ಅಂತ ಗೊತ್ತಾಯ್ತು. 1941ರ ನವೆಂಬರ್‌ನಲ್ಲಿ ದಾವೆ ಹಾಕಿದ. ಕಾಲಮಿತಿ ಮೂರು ವರ್ಷ.

ರೈಲ್ವೆಯವರ ವಾದ ಕೇಳಿ. ಈ ಮನುಷ್ಯ 1910ರ ಸುಮಾರಿಂದ ದೂಳು ಕುಡೀತಿದ್ದಾನೆ. ರೋಗ ಯಾವಾಗಲೋ ಅಂಟಿಕೊಂಡಿರುತ್ತೆ. ಹಾಗಾಗಿ ಮೂರು ವರ್ಷ ಯಾವತ್ತೋ ಮುಗಿದಿದೆ! 1949ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಈ ವಾದ ಒಪ್ಪಿದರೆ ಕಾರ್ಮಿಕನದೇನೂ ತಪ್ಪಿಲ್ಲದೆ, ಬರೀ ಗೊತ್ತಿಲ್ಲದ ಕಾರಣಕ್ಕೆ, ಅವನ ಹಕ್ಕು ಹೋಗುತ್ತೆ, ಕಾನೂನು ಮಾಡಿದವರ ಉದ್ದೇಶ ಇದಾಗಿರೋಕೆ ಸಾಧ್ಯವಿಲ್ಲ ಅಂತ ಕೋರ್ಟಿನ ನಿಲುವು. ರೋಗದ ಪರಿಣಾಮ ಹೊರಗೆ ಕಾಣಿಸಿಕೊಂಡಾಗ ಮಾತ್ರ ಅವನಿಗೆ 'ಗಾಯ' ಆಯಿತು ಅಂತ ಲೆಕ್ಕ. ಯೂರಿಯ ದಾವೆ ಉಳೀತು.

ಇದನ್ನು ನೆನಪಿಟ್ಟುಕೊಳ್ಳಿ: ಮೂರು ವರ್ಷದ ಮಿತಿ, ಮೂವತ್ತು ವರ್ಷದ ದೂಳು, ಆದರೂ ದಾವೆ ಉಳೀತು.

ಈಗ ಇಂಗ್ಲೆಂಡಿಗೆ ಬನ್ನಿ. ಒಂದು ಉಕ್ಕಿನ ಎರಕದ ಕಾರ್ಖಾನೆ. ಅಚ್ಚಿನಿಂದ ಹೊರತೆಗೆದ ಎರಕದ ಮೇಲೆ ಸುಟ್ಟ ಮರಳು ಅಂಟಿಕೊಂಡಿರುತ್ತೆ. ಅದನ್ನು ಚಾಣದಿಂದ ಕೆತ್ತಿ, ಗ್ರೈಂಡರ್ ಹಿಡಿದು ಉಜ್ಜಿ ಸ್ವಚ್ಛ ಮಾಡಬೇಕು. ನಮ್ಮ ಫೌಂಡ್ರಿಗಳಲ್ಲಿ ಇದಕ್ಕೆ ಫೆಟ್ಲಿಂಗ್ ಅಂತಾರೆ. ಈ ಕೆಲಸ ಮಾಡುತ್ತಿದ್ದ ಕೆಲವರಿಗೆ ದೂಳಿನ ಶ್ವಾಸಕೋಶ ರೋಗ ಬಂತು. 1956ರ ಅಕ್ಟೋಬರ್ 1ರಂದು ಅವರು ದಾವೆ ಹಾಕಿದರು. ಕಾರ್ಟ್‌ಲೆಜ್ ಅನ್ನುವ ಕಾರ್ಮಿಕ ತೀರಿಕೊಂಡಿದ್ದರಿಂದ ಅವರ ಪರವಾಗಿ ಹೆಂಡತಿ ವಾದಿ. ಹಾಗಾಗಿ ಕಾನೂನು ಪುಸ್ತಕಗಳಲ್ಲಿ ಈ ಕೇಸಿಗೆ 'ಕಾರ್ಟ್‌ಲೆಜ್ ವಿರುದ್ಧ ಜಾಪ್ಲಿಂಗ್' ಅಂತ ಹೆಸರು.

ಅವರಿಗೆ ಅನ್ವಯವಾಗುತ್ತಿದ್ದ ಮಿತಿ 1939ರ ಕಾಯ್ದೆಯ ಪ್ರಕಾರ ಆರು ವರ್ಷ. ಅಂದ್ರೆ 1950ರ ಅಕ್ಟೋಬರ್ 1ರ ಈಚೆಗೆ ಹಾನಿ ಆಗಿದ್ದರೆ ದಾವೆ ಉಳಿಯುತ್ತೆ, ಆಚೆಗೆ ಆಗಿದ್ದರೆ ಇಲ್ಲ. ವಿಚಾರಣೆಯಲ್ಲಿ ಮಾಲೀಕರು ತಮ್ಮ ಕರ್ತವ್ಯ ಮೀರಿದ್ದರು ಅನ್ನೋದು ಸಾಬೀತಾಯ್ತು. ಅಂದ್ರೆ ತಪ್ಪು ಯಾರದ್ದು ಅನ್ನೋದು ಇತ್ಯರ್ಥ ಆಗಿತ್ತು. ಆದರೆ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದ್ದು 1950ರ ಆ ತಾರೀಖಿಗೆ ಮುಂಚೆಯೇ. ಕಾರ್ಮಿಕರಿಗೆ ಆಗ ಅದು ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಆದರೂ ಗಡಿಯಾರ ಓಡುತ್ತಿತ್ತು.

ಕೇಸು ಅಲ್ಲಿಯ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯ್ತು. 1963ರ ಜನವರಿಯಲ್ಲಿ ತೀರ್ಪು ಬಂತು. ನನಗೆ ಈ ತೀರ್ಪು ಓದುವಾಗ ಒಂಥರಾ ಸಂಕಟ ಆಯ್ತು. ನ್ಯಾಯಮೂರ್ತಿ ಲಾರ್ಡ್ ರೀಡ್ ಹೇಳಿದ್ದರ ಸಾರ ಇಷ್ಟು: ಗಾಯ ಆಗಿದೆ ಅಂತ ಕಂಡುಹಿಡಿಯೋಕೇ ಆಗದ ಕಾಲದಲ್ಲಿ ಗಡಿಯಾರ ಶುರುವಾಗುತ್ತೆ ಅನ್ನೋದು ಯಾವ ನ್ಯಾಯಕ್ಕೂ ಒಪ್ಪುವ ಮಾತಲ್ಲ. ನ್ಯಾಯಾಧೀಶರೇ ಕಟ್ಟಿ ಬೆಳೆಸಿದ ಕಾನೂನು ಇದಾಗಿದ್ದರೆ ನಾನು ಬೇರೆ ಥರ ತೀರ್ಪು ಕೊಡ್ತಿದ್ದೆ. ಆದರೆ ಇದು ಸಂಸತ್ತು ಮಾಡಿದ ಕಾಯ್ದೆ, ನನ್ನ ಕೈ ಕಟ್ಟಿದೆ.

ಕೈ ಕಟ್ಟಿದ್ದು ಹೇಗೆ ಗೊತ್ತಾ? 1939ರ ಕಾಯ್ದೆಯ 26ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇತ್ತು. ಮೋಸ ನಡೆದಿದ್ದರೆ ಅಥವಾ ತಪ್ಪು ತಿಳುವಳಿಕೆಯಿಂದ ಆಗಿದ್ದರೆ, ಅದು ಪತ್ತೆಯಾದ ಮೇಲೆ ಗಡಿಯಾರ ಶುರು. ಈ ಎರಡಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ ಅಂದ್ರೆ ಉಳಿದ ಯಾವುದಕ್ಕೂ ಇಲ್ಲ ಅಂತಲೇ ಅರ್ಥ. ಮೋಸ ಹೋದ ವ್ಯಾಪಾರಿಯನ್ನು ಕಾನೂನು ನೆನಪಿಟ್ಟುಕೊಂಡಿತ್ತು. ದೂಳು ಕುಡಿದ ಕಾರ್ಮಿಕ ಅದರ ಲೆಕ್ಕದಲ್ಲೇ ಇರಲಿಲ್ಲ. ಕಾರ್ಮಿಕರು ಸೋತರು. ತಪ್ಪು ಮಾಲೀಕರದ್ದು ಅಂತ ಗೊತ್ತಿದ್ದೂ ಸೋತರು.

ಈಗ ಎರಡು ಕೇಸನ್ನೂ ಪಕ್ಕಪಕ್ಕ ಇಡಿ. ಅಮೆರಿಕದಲ್ಲಿ ಮೂರು ವರ್ಷದ ಮಿತಿ, ಕಾರ್ಮಿಕ ಉಳಿದ. ಇಂಗ್ಲೆಂಡಿನಲ್ಲಿ ಆರು ವರ್ಷದ ಮಿತಿ, ಕಾರ್ಮಿಕ ಸೋತ. ಒಂದೇ ದೂಳು, ಒಂದೇ ರೋಗ. ಹಾಗಾದರೆ ಕಾಲಮಿತಿ ಎಷ್ಟು ಉದ್ದ ಅನ್ನೋದು ಮುಖ್ಯ ಪ್ರಶ್ನೆಯೇ ಅಲ್ಲ. ಅದು ಯಾವ ದಿನದಿಂದ ಎಣಿಕೆಯಾಗುತ್ತೆ ಅನ್ನೋದೇ ಪ್ರಶ್ನೆ. ಈ ಸಂಚಿಕೆಯಿಂದ ಒಂದೇ ಒಂದು ಮಾತು ನಿಮ್ಮ ತಲೇಲಿ ಉಳೀಬೇಕು ಅಂದ್ರೆ ಅದು ಇದೇ.

ಬ್ರಿಟನ್ನಿನ ಸಂಸತ್ತಿಗೂ ಇದು ಅರ್ಥ ಆಗಿತ್ತು. 1961ರಲ್ಲೇ ನ್ಯಾಯಾಧೀಶ ಎಡ್ಮಂಡ್ ಡೇವಿಸ್ ಅವರ ನೇತೃತ್ವದಲ್ಲಿ ಒಂದು ಸಮಿತಿ ನೇಮಿಸಿದ್ದರು. 1962ರಲ್ಲಿ ವರದಿ ಬಂತು. ಲಾರ್ಡ್ಸ್ ತೀರ್ಪು ಬಂದ ವರ್ಷವೇ, 1963ರ ಜುಲೈನಲ್ಲಿ ಹೊಸ ಕಾಯ್ದೆ ಆಯ್ತು. ಅಷ್ಟರಲ್ಲಿ, 1954ರಲ್ಲಿ, ಗಾಯದ ದಾವೆಗಳ ಸಾಮಾನ್ಯ ಮಿತಿಯನ್ನು ಆರರಿಂದ ಮೂರು ವರ್ಷಕ್ಕೆ ಇಳಿಸಿದ್ದರು. ಈ ಹೊಸ ಕಾಯ್ದೆ ಹೇಳಿದ್ದೇನು ಅಂದ್ರೆ, ದಾವೆಗೆ ಬೇಕಾದ ನಿರ್ಣಾಯಕ ಸಂಗತಿಗಳು ಕಾರ್ಮಿಕನಿಗೆ ಗೊತ್ತಿರಲಿಲ್ಲ ಅಂತಾದರೆ, ಗೊತ್ತಾದ ಹನ್ನೆರಡು ತಿಂಗಳೊಳಗೆ ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಆ ಕಾಯ್ದೆಯ ಭಾಷೆ ಎಷ್ಟು ಗೋಜಲಾಗಿತ್ತು ಅಂದ್ರೆ, ಅದೇ ಲಾರ್ಡ್ ರೀಡ್ ಹತ್ತು ವರ್ಷದ ಮೇಲೆ ಇದನ್ನು ಅತಿ ಕೆಟ್ಟದಾಗಿ ಬರೆದ ಕಾಯ್ದೆ ಅನ್ನೋ ಬಿರುದಿಗೆ ಬಲವಾದ ಸ್ಪರ್ಧಿ ಅನ್ನೋ ಅರ್ಥದಲ್ಲಿ ಬೈದರು. ಅವರು ಹಾಗೆ ಬೈದಿದ್ದು ಡಾಡ್ ಅನ್ನುವ ಆಸ್ಬೆಸ್ಟಾಸ್ ಕಾರ್ಮಿಕನ ಕೇಸಿನಲ್ಲಿ.

ಡಾಡ್ ಕಥೆ ಇನ್ನೊಂದು ಥರ. 1964ರಲ್ಲಿ ಸರ್ಕಾರದ ವೈದ್ಯರ ತಂಡ ಅವನಿಗೆ ಆಸ್ಬೆಸ್ಟೋಸಿಸ್ ಇದೆ ಅಂತ ದೃಢಪಡಿಸಿತು. ಅಂದ್ರೆ ರೋಗ ಗೊತ್ತು, ಕೆಲಸದಿಂದ ಬಂದಿದ್ದು ಅಂತಲೂ ಗೊತ್ತು. ಆದರೆ ಕಾರ್ಖಾನೆಯ ಮ್ಯಾನೇಜರ್ ಅವನಿಗೆ, ನಿನಗೆ ಅಂಗವೈಕಲ್ಯದ ಪಿಂಚಣಿ ಬರ್ತಿದೆ, ಹಾಗಾಗಿ ನೀನು ಕಂಪನಿ ಮೇಲೆ ದಾವೆ ಹಾಕೋ ಹಾಗಿಲ್ಲ ಅಂತ ಹೇಳಿದ್ದ. ಅದು ತಪ್ಪು ಮಾಹಿತಿ. ಡಾಡ್ ನಂಬಿದ. ಅದು ನಿಜ ಅಲ್ಲ ಅಂತ ಜೊತೆಯವನೊಬ್ಬನಿಂದ ಗೊತ್ತಾದ ಮೇಲೆ 1967ರಲ್ಲಿ ದಾವೆ ಹಾಕಿದ. ಹೊಸ ಪ್ರಶ್ನೆ ಎದ್ದಿತು. ಸಂಗತಿ ಗೊತ್ತಿದ್ದು ಕಾನೂನು ಗೊತ್ತಿಲ್ಲದಿದ್ದರೆ ಗಡಿಯಾರ ಓಡುತ್ತೋ ನಿಲ್ಲುತ್ತೋ? ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಡಾಡ್ ಪರ, ಇಬ್ಬರು ವಿರುದ್ಧ. ಡಾಡ್ ಗೆದ್ದ. ಆದರೆ ಆ ಮೂವರ ಕಾರಣಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮುಂದಿನ ಕೇಸಿಗೆ ಇದರಿಂದ ಯಾವ ದಾರಿ ಹಿಡಿಯಬೇಕು ಅಂತ ವಕೀಲರಿಗೇ ತಿಳಿಯದ ಪರಿಸ್ಥಿತಿ.

ಇಷ್ಟೆಲ್ಲ ಆದ ಮೇಲೆ 1975ರಲ್ಲಿ ಮತ್ತೆ ತಿದ್ದಿದರು. ಆ ವ್ಯವಸ್ಥೆಯೇ 1980ರ ಕಾಯ್ದೆಯೊಳಗೆ ಸೇರಿ ಇವತ್ತಿಗೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೀತಿದೆ. ಅದರಲ್ಲಿ ಎರಡು ಮುಖ್ಯ ಅಂಶ ಇವೆ.

ಒಂದು, 'ಅರಿವಿನ ದಿನ'. ಗಾಯ ಗಣನೀಯವಾದದ್ದು, ಅದು ಇಂಥ ಕೆಲಸದಿಂದ ಬಂದದ್ದು, ಹೊಣೆ ಇಂಥವರದ್ದು, ಇಷ್ಟು ತಿಳಿದ ದಿನದಿಂದ ಮೂರು ವರ್ಷ. ಕಾನೂನು ಗೊತ್ತಿರಲಿಲ್ಲ ಅನ್ನೋ ಕಾರಣಕ್ಕೆ ಗಡಿಯಾರ ನಿಲ್ಲಲ್ಲ.

ಎರಡು, ನ್ಯಾಯಾಧೀಶರ ವಿವೇಚನೆ. ಮೂರು ವರ್ಷ ಮೀರಿದ್ದರೂ ದಾವೆ ನಡೆಸೋದು ಎರಡೂ ಕಡೆಯವರನ್ನು ನೋಡಿದಾಗ ನ್ಯಾಯ ಅನ್ನಿಸಿದರೆ ಕೋರ್ಟು ಮಿತಿಯನ್ನೇ ಬದಿಗಿಡಬಹುದು. ಇದೇ 33ನೇ ಸೆಕ್ಷನ್. ಏನೇನು ತೂಗಿ ನೋಡಬೇಕು ಅಂತಲೂ ಅದರಲ್ಲೇ ಹೇಳಿದೆ: ತಡ ಎಷ್ಟು, ಯಾಕೆ ಆಯ್ತು? ತಡದಿಂದ ಸಾಕ್ಷ್ಯ ಎಷ್ಟು ಹಾಳಾಗಿದೆ? ಎದುರು ಪಕ್ಷದವರು ಹೇಗೆ ನಡೆದುಕೊಂಡರು, ದಾಖಲೆ ಕೇಳಿದಾಗ ಕೊಟ್ಟರಾ? ಗೊತ್ತಾದ ಮೇಲೆ ಕಾರ್ಮಿಕ ಬೇಗ ಎಚ್ಚೆತ್ತುಕೊಂಡನಾ, ಡಾಕ್ಟರ್ ಮತ್ತು ವಕೀಲರ ಹತ್ತಿರ ಹೋದನಾ?

ಮಾಲೀಕರ ಕಡೆಯ ಮಾತನ್ನೂ ಇಲ್ಲಿ ಕೇಳಬೇಕು. ನಾಲ್ವತ್ತು ವರ್ಷದ ಹಿಂದೆ ನಡೆದದ್ದಕ್ಕೆ ಇವತ್ತು ಉತ್ತರ ಕೊಡಿ ಅಂದ್ರೆ ಹೇಗೆ? ಆಗಿನ ಸೂಪರ್‌ವೈಸರ್ ಇಲ್ಲ. ಮಾಸ್ಕ್ ಕೊಟ್ಟಿದ್ದಕ್ಕೆ ದಾಖಲೆ ಇಲ್ಲ. ವಿಮೆ ಕಂಪನಿ ಆ ವರ್ಷದ ಲೆಕ್ಕ ಮುಚ್ಚಿ ಎಷ್ಟೋ ಕಾಲ ಆಗಿದೆ. ಬ್ಯಾಲೆನ್ಸ್ ಶೀಟ್ ಬರೆಯುವವನಿಗೆ, ಯಾವತ್ತು ಬರುತ್ತೋ ಎಷ್ಟು ಬರುತ್ತೋ ಗೊತ್ತಿಲ್ಲದ ಹೊಣೆ ಅನ್ನೋದು ತಲೆನೋವು. ಈ ವಾದದಲ್ಲಿ ಹುರುಳಿದೆ. ಅದಕ್ಕೇ 33ನೇ ಸೆಕ್ಷನ್ ಎರಡೂ ತಟ್ಟೆ ಇರುವ ತಕ್ಕಡಿ. ಆದರೆ ಒಂದು ಮಾತು ಮರೀಬಾರದು. ರೋಗವೇ ನಾಲ್ವತ್ತು ವರ್ಷ ತೆಗೆದುಕೊಂಡರೆ, ಆ ತಡ ಕಾರ್ಮಿಕ ಮಾಡಿದ್ದಲ್ಲ.

ತಕ್ಕಡಿ ಯಾವಾಗಲೂ ದುಡಿದವನ ಕಡೆಗೇ ವಾಲುತ್ತೆ ಅಂತಲೂ ಇಲ್ಲ. 1952ರಿಂದ 1958ರವರೆಗೆ ಬ್ರಿಟನ್ ಆಸ್ಟ್ರೇಲಿಯಾದಲ್ಲಿ, ಪೆಸಿಫಿಕ್ ದ್ವೀಪಗಳಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿತು. ಅಲ್ಲಿ ಸೇವೆಯಲ್ಲಿದ್ದ ಸಾವಿರಕ್ಕೂ ಹೆಚ್ಚು ಮಂದಿ ಮತ್ತು ಅವರ ಕುಟುಂಬದವರು, ವಿಕಿರಣದಿಂದ ರೋಗ ಬಂತು ಅಂತ ರಕ್ಷಣಾ ಸಚಿವಾಲಯದ ಮೇಲೆ ದಾವೆ ಹಾಕಿದರು. ಮಾದರಿಯಾಗಿ ಆರಿಸಿದ ಒಂಬತ್ತು ಕೇಸುಗಳ ಮೇಲೆ 2012ರ ಮಾರ್ಚ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ನಾಲ್ಕು–ಮೂರರ ಬಹುಮತದಿಂದ ಗಡುವು ಮೀರಿದೆ ಅಂತ ಹೇಳಿತು. ನನ್ನ ರೋಗ ಇದರಿಂದಲೇ ಬಂದಿದ್ದು ಅಂತ ಅವರು ಬಹಳ ಹಿಂದೆಯೇ ನಂಬಿದ್ದರು, ಹಾಗಾಗಿ ಅರಿವಿನ ದಿನ ಆಗಲೇ ದಾಟಿತ್ತು ಅನ್ನೋದು ಬಹುಮತದ ನಿಲುವು. ವಿವೇಚನೆಯ ಬಾಗಿಲೂ ತೆರೆಯಲಿಲ್ಲ. ಬಲವಾದ ವೈಜ್ಞಾನಿಕ ಸಾಕ್ಷ್ಯ ಸಿಗುವವರೆಗೆ ಕಾದರೆ ತಡ, ಕಾಯದೆ ಹೋದರೆ ಸಾಕ್ಷ್ಯ ಇಲ್ಲ. ಕಾರಣ ಸಾಬೀತು ಮಾಡೋಕೆ ಕಷ್ಟವಾದ ರೋಗಗಳಲ್ಲಿ ಈ ಇಕ್ಕಟ್ಟು ಇನ್ನೂ ಇದೆ.

ಈಗ ಸ್ವಿಟ್ಜರ್ಲೆಂಡ್. ಅಲ್ಲಿ ಹತ್ತು ವರ್ಷದ ಗಡುವು ಇತ್ತು. ಮೂರಕ್ಕಿಂತ, ಆರಕ್ಕಿಂತ ಉದಾರ ಅಲ್ವಾ? ಆದರೆ ಎಣಿಕೆ ಶುರುವಾಗುತ್ತಿದ್ದದ್ದು ಹಾನಿಕಾರಕ ಘಟನೆ ನಡೆದ ದಿನದಿಂದ. ಮೂರ್ ಅನ್ನುವ ಒಬ್ಬ ಮೆಕ್ಯಾನಿಕ್ 1960, 70ರ ದಶಕಗಳಲ್ಲಿ ಕೆಲಸದಲ್ಲಿ ಆಸ್ಬೆಸ್ಟಾಸ್ ದೂಳಿಗೆ ಸಿಕ್ಕಿದ್ದ. 2004ರಲ್ಲಿ ಅವನಿಗೆ ಮೆಸೊಥೆಲಿಯೋಮಾ ಅಂತ ಗೊತ್ತಾಯ್ತು. ಆಸ್ಬೆಸ್ಟಾಸಿನಿಂದ ಬರುವ ಈ ಕ್ಯಾನ್ಸರ್ ಹೊರಗೆ ಕಾಣಿಸಿಕೊಳ್ಳೋಕೆ ದಶಕಗಳೇ ಬೇಕು. 2005ರಲ್ಲಿ ಅವನು ತೀರಿಕೊಂಡ. ಹತ್ತು ವರ್ಷದ ಲೆಕ್ಕ ಹಾಕಿದರೆ ಅವನ ಹಕ್ಕು 1980ರ ದಶಕದಲ್ಲೇ ಮುಗಿದಿತ್ತು. ಅಂದ್ರೆ ರೋಗ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ಪರಿಹಾರದ ಹಕ್ಕು ಸತ್ತಿತ್ತು!

ಹೆಂಡತಿ, ಮಕ್ಕಳು ಸ್ವಿಸ್ ಕೋರ್ಟುಗಳಲ್ಲಿ ಸೋತು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2014ರ ಮಾರ್ಚ್ 11ರಂದು ಆ ನ್ಯಾಯಾಲಯ, ತನಗೆ ರೋಗ ಇದೆ ಅಂತ ತಿಳಿಯೋಕೆ ವೈಜ್ಞಾನಿಕವಾಗಿ ಸಾಧ್ಯವೇ ಇಲ್ಲದವನ ವಿಷಯದಲ್ಲಿ ಇದನ್ನು ಗಣನೆಗೆ ತೆಗೆದುಕೊಳ್ಳಬೇಕು, ಹಾಗೆ ಮಾಡದೆ ಬಾಗಿಲು ಹಾಕಿದ್ದು ಕೋರ್ಟಿಗೆ ಹೋಗುವ ಹಕ್ಕಿನ ಉಲ್ಲಂಘನೆ ಅಂತ ತೀರ್ಪು ಕೊಟ್ಟಿತು. ಆಮೇಲೆ ಸ್ವಿಟ್ಜರ್ಲೆಂಡ್ ಕಾನೂನು ತಿದ್ದಿತು. 2020ರಿಂದ ಹತ್ತರ ಬದಲು ಇಪ್ಪತ್ತು ವರ್ಷ. ಗಮನಿಸಿದಿರಾ? ಉದ್ದ ಹೆಚ್ಚಿಸಿದರು, ಆದರೆ ಇಪ್ಪತ್ತರ ಆ ಗಡಿ ಇನ್ನೂ ಘಟನೆಯ ದಿನದಿಂದಲೇ ಎಣಿಕೆ. ಮೂವತ್ತು ವರ್ಷ ಅಡಗಿ ಕೂರುವ ರೋಗಕ್ಕೆ ಇಪ್ಪತ್ತು ವರ್ಷದ ಮಿತಿ ಏನು ಮಾಡೀತು? ಮೂರು ಉಳಿಸಿತು, ಆರು ಸೋಲಿಸಿತು, ಹತ್ತು ಸೋಲಿಸಿತು. ಇಪ್ಪತ್ತೂ ಸೋಲಿಸಬಹುದು.

ಸರಿ, ನಮ್ಮಲ್ಲಿಗೆ ಬರೋಣ. ಈ ಸಿಲಿಕೋಸಿಸ್ ನಮಗೆ ದೂರದ ರೋಗ ಅಲ್ಲ. ಭಾರತದಲ್ಲಿ ಇದರ ಆರಂಭದ ವೈದ್ಯಕೀಯ ದಾಖಲೆಗಳು ಸಿಗೋದೇ ಕೋಲಾರದ ಚಿನ್ನದ ಗಣಿಯಿಂದ. 1947ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿ ಪರೀಕ್ಷೆ ಮಾಡಿದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ಶೇಕಡಾ 40ಕ್ಕೂ ಮಿಕ್ಕಿ ಜನರಲ್ಲಿ ಈ ರೋಗ ಕಂಡುಬಂದಿತ್ತು. ಚಿನ್ನ ಇದ್ದದ್ದು ಸ್ಫಟಿಕ ಶಿಲೆಯೊಳಗೆ. ಅದನ್ನು ಕೊರೆದಾಗ ಏಳುವ ದೂಳೇ ಸಿಲಿಕಾ. 2001ರ ಫೆಬ್ರುವರಿ ಕೊನೆಗೆ ಆ ಗಣಿ ಮುಚ್ಚಿತು. ಗಣಿ ಮುಚ್ಚಿದ ದಿನ ದೂಳು ಏಳೋದು ನಿಂತಿತು. ಒಳಗೆ ಹೋಗಿದ್ದ ದೂಳು ಮಾತ್ರ ಅಲ್ಲೇ ಇತ್ತು.

ನಮ್ಮ 1923ರ ಕಾಯ್ದೆಯ 10ನೇ ಸೆಕ್ಷನ್ನಿನಲ್ಲಿ ಮೊದಲು ಇದ್ದದ್ದು ಆರು ತಿಂಗಳ ಮಿತಿ. ಮುಂದೆ ತಿದ್ದುಪಡಿಗಳಾಗಿ ಎರಡು ವರ್ಷ ಆಯ್ತು. ಸಿಲಿಕೋಸಿಸ್, ಆಸ್ಬೆಸ್ಟೋಸಿಸ್ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದ್ದವು. ಇಲ್ಲಿ ನಮ್ಮ ಕಾನೂನು ಒಂದು ಒಳ್ಳೆ ಕೆಲಸ ಮಾಡಿತ್ತು. ಕಸುಬಿನ ರೋಗ ಆದರೆ, ಆ ರೋಗದಿಂದಾಗಿ ಕಾರ್ಮಿಕ ಸತತವಾಗಿ ಕೆಲಸಕ್ಕೆ ಬರದ ಹಾಗಾದ ಮೊದಲ ದಿನವನ್ನೇ 'ಅಪಘಾತದ ದಿನ' ಅಂತ ಭಾವಿಸಬೇಕಿತ್ತು. ದೂಳು ಕುಡಿದ ದಿನ ಅಲ್ಲ. ಜಾಪ್ಲಿಂಗ್ ಕಾರ್ಮಿಕರಿಗೆ ಸಿಗದಿದ್ದದ್ದು ಇದೇ.

ಕೆಲಸ ಬಿಟ್ಟು ಹೋದವರ ಕಥೆ? ಅದಕ್ಕೂ ಒಂದು ಸಾಲು ಇತ್ತು. ನಿಗದಿತ ಅವಧಿ ಕೆಲಸ ಮಾಡಿದವನಿಗೆ ಕೆಲಸ ಬಿಟ್ಟ ಎರಡು ವರ್ಷದೊಳಗೆ ರೋಗದ ಲಕ್ಷಣ ಕಾಣಿಸಿಕೊಂಡರೆ, ಲಕ್ಷಣ ಪತ್ತೆಯಾದ ದಿನವೇ ಅಪಘಾತದ ದಿನ. ಎರಡು ವರ್ಷ! ಗಣಿ ಬಿಟ್ಟ ಐದನೇ ವರ್ಷ, ಹತ್ತನೇ ವರ್ಷ ಉಸಿರು ಕಟ್ಟಿದವನು ಈ ಸಾಲಿನ ಹೊರಗೆ ಬೀಳ್ತಿದ್ದ. ಗಡಿಯಾರ ಶುರುವಾಗೋದು ಯಾವಾಗ ಅನ್ನೋ ಪಾಠವನ್ನು ನಮ್ಮ ಕಾಯ್ದೆ ಅರ್ಧ ಕಲಿತು, ಇನ್ನರ್ಧಕ್ಕೆ ಹಳೇ ಅಪಘಾತದ ಅಳತೆಯನ್ನೇ ಇಟ್ಟುಕೊಳ್ತು.

ಗಡುವು ಮೀರಿದವರಿಗೆ ಆ ಕಾಯ್ದೆಯಲ್ಲಿ ಒಂದು ಕಿಟಕಿ ಇತ್ತು: ಸಕಾರಣ. ತಡಕ್ಕೆ ಸಾಕಷ್ಟು ಕಾರಣ ಇದೆ ಅಂತ ಮನವರಿಕೆ ಆದರೆ ಕಮಿಷನರ್ ಅರ್ಜಿ ತೆಗೆದುಕೊಳ್ಳಬಹುದಿತ್ತು. ವಿಳಂಬ ಮನ್ನಾ ಅಂತ ನಮ್ಮ ಕೋರ್ಟುಗಳಲ್ಲಿ ಕೇಳ್ತೀವಲ್ಲ, ಅದರ ಜಾತಿಯದ್ದೇ. ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಹುರುಳಿರುವ ಅರ್ಜಿಯನ್ನು ಹೊಸ್ತಿಲಲ್ಲೇ ಎಸೆಯಬೇಡಿ, ತಡ ಮಾಡಿ ಯಾರಿಗೂ ಲಾಭ ಆಗಲ್ಲ ಅನ್ನೋ ಧಾಟಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ 1987ರಲ್ಲಿ ಒಂದು ಜಮೀನು ಸ್ವಾಧೀನದ ಕೇಸಿನಲ್ಲಿ ಹೇಳಿದ್ದು ಇವತ್ತಿಗೂ ವಕೀಲರ ಬಾಯಲ್ಲಿ ಬರುತ್ತೆ. ಆದರೆ ವಿವೇಚನೆ ಅಂದ್ರೆ ಹಕ್ಕು ಅಲ್ಲ. ಕಿಟಕಿ ತೆರೆದರೂ ಒಳಗೆ ಹೋಗೋಕೆ ಕೈಯಲ್ಲಿ ಕಾಗದ ಬೇಕು.

ಇಲ್ಲೇ 1995ರ ಒಂದು ತೀರ್ಪು ನನಗೆ ಬಹಳ ದೊಡ್ಡದು ಅನ್ನಿಸುತ್ತೆ. ಆಸ್ಬೆಸ್ಟಾಸ್ ಕಾರ್ಮಿಕರ ಪರವಾಗಿ ಒಂದು ಗ್ರಾಹಕ ಸಂಸ್ಥೆ ಹಾಕಿದ್ದ ಅರ್ಜಿ ಅದು. ಸುಪ್ರೀಂ ಕೋರ್ಟ್ ಕಾರ್ಖಾನೆಗಳಿಗೆ ಹೇಳಿತು: ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತೋ ಅಲ್ಲಿಯವರೆಗೆ ಇಡಬೇಕು. ಈ 40 ಸುಮ್ಮನೆ ಬಂದದ್ದಲ್ಲ. ರೋಗ ಎಷ್ಟು ಕಾಲ ಅಡಗಿರಬಹುದೋ ದಾಖಲೆಯೂ ಅಷ್ಟು ಕಾಲ ಇರಲಿ ಅನ್ನೋ ಲೆಕ್ಕ ಅದು. ಸಾಕ್ಷ್ಯ ಹಳತಾಗಿ ಹಾಳಾಗುತ್ತೆ ಅನ್ನೋದೇ ಕಾಲಮಿತಿಯ ಪರ ಇರುವ ದೊಡ್ಡ ವಾದ ತಾನೇ? ಸಾಕ್ಷ್ಯವನ್ನೇ ಕಾಪಾಡಿದರೆ ಆ ವಾದದ ಬಲ ಅರ್ಧಕ್ಕೆ ಇಳಿಯುತ್ತೆ. ದಾಖಲೆ ಇಡಬೇಕಾದವನೂ ಮಾಲೀಕನೇ. ತಾನೇ ದಾಖಲೆ ಇಡದೆ, ಆಮೇಲೆ ದಾಖಲೆ ಇಲ್ಲ ಅದಕ್ಕೇ ಕೇಸು ಬೇಡ ಅನ್ನೋಕೆ ಬರಲ್ಲ.

ಆದರೆ ಇದೆಲ್ಲ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರ ಮಾತು. ಕಲ್ಲು ಒಡೆಯುವ ಕ್ರಷರಿನಲ್ಲಿ ಮೇಸ್ತ್ರಿ ಕೈಯಿಂದ ದಿನಗೂಲಿ ಎಣಿಸಿಕೊಂಡು ಹೋಗುವವನ ಹೆಸರು ಯಾವ ಪುಸ್ತಕದಲ್ಲಿದೆ? ಅವನು ಇಪ್ಪತ್ತು ವರ್ಷದ ಮೇಲೆ ಬಂದರೆ ಗಡುವಿನ ಪ್ರಶ್ನೆ ಬರೋದು ಎರಡನೇ ಮೆಟ್ಟಿಲಲ್ಲಿ. ಮೊದಲ ಮೆಟ್ಟಿಲಲ್ಲೇ, ನೀನು ಇಲ್ಲಿ ಕೆಲಸ ಮಾಡಿದ್ದಕ್ಕೆ ಏನು ಪುರಾವೆ ಅಂತ ಕೇಳ್ತಾರೆ.

ಅದಕ್ಕೆ, ಕೇಳ್ತಿರೋರಲ್ಲಿ ಯಾರ ಮನೇಲಾದರೂ ದೂಳಿನ ಕೆಲಸ ಮಾಡುವವರು, ಮಾಡಿ ಬಿಟ್ಟವರು ಇದ್ದರೆ ಒಂದು ಸಣ್ಣ ಕೆಲಸ ಮಾಡಿ. ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಗೇಟ್‌ಪಾಸು, ಹಳೇ ಎಕ್ಸ್‌ರೇ, ಏನಿದೆಯೋ ಅದನ್ನು ಒಂದು ಕವರಿನಲ್ಲಿ ಹಾಕಿಡಿ. ಡಾಕ್ಟರ ಹತ್ತಿರ ಹೋದಾಗ ಮಾಡಿದ ಕೆಲಸ ಏನು ಅಂತ ಹೇಳಿ, ಚೀಟಿಯಲ್ಲಿ ತಾರೀಖಿನ ಜೊತೆ ಬರೆಸಿಕೊಳ್ಳಿ. ರೋಗದ ಹೆಸರು ಗೊತ್ತಾದ ದಿನವೇ ಮಾಲೀಕನಿಗೆ ಬರವಣಿಗೆಯಲ್ಲಿ ತಿಳಿಸಿ, ಕಾರ್ಮಿಕ ಇಲಾಖೆಯಲ್ಲೋ ಕಾನೂನು ಸೇವಾ ಪ್ರಾಧಿಕಾರದಲ್ಲೋ ವಿಚಾರಿಸಿ. ಯಾಕಂದ್ರೆ ಯಾವ ದೇಶದ ಕಾನೂನಾದರೂ ಸರಿ, ಗೊತ್ತಾದ ಮೇಲೆ ಸುಮ್ಮನೆ ಕೂತವರ ಮೇಲೆ ಕರುಣೆ ತೋರಿಸೋದು ಕಡಿಮೆ.

1963ರಲ್ಲಿ ಆ ಹೆಂಗಸು ಸೋತು ಕೋರ್ಟಿನಿಂದ ಹೊರಬಂದಾಗ, ತೀರ್ಪು ಕೊಟ್ಟವರೇ ಇದು ನ್ಯಾಯವಲ್ಲ ಅಂತ ಒಪ್ಪಿಕೊಂಡಿದ್ದರು. ಆ ಒಂದು ಸೋಲಿನಿಂದ ಒಂದು ಇಡೀ ಕಾನೂನು ಬದಲಾಯ್ತು. ನಮ್ಮಲ್ಲಿ ಗಡುವು ಎಷ್ಟು ವರ್ಷ ಆಗಬೇಕು ಅಂತ ಚರ್ಚೆ ಬಂದಾಗಲೆಲ್ಲ ನನಗೆ ಕೇಳಬೇಕು ಅನ್ನಿಸೋದು ಒಂದೇ. ಸರಿ ಸ್ವಾಮಿ, ಅದು ಯಾವತ್ತಿನಿಂದ?

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.